ರಿಪೀಟರ್

ಸುಂಟಿಕೊಪ್ಪದ ಕಾಲೇಜಿನ ಲ್ಯಾಬಿನಲ್ಲಿ
ಹನ್ನೊಂದು ಕಂಪ್ಯೂಟರು, ಏಳಕ್ಕೆ ಜೀವ.
ನಮ್ಮ ಪಾಲಿನದಕ್ಕೆ ‘ಇ’ ಗುಂಡಿಯಿಲ್ಲ;
ಆ ಗುಳಿಗೆ ರಂಸೀನಾ
ಪೆನ್ನಿನ ತುದಿ ಚುಚ್ಚಿ ಅಕ್ಷರ ಎಬ್ಬಿಸುತ್ತಾಳೆ.
ನಾನು ಓದಿ ಹೇಳುವವಳು, ಅವಳು ಒತ್ತುವವಳು,
ಕೀರ್ತನ್ ಮೌಸು ಹಿಡಿದು ಸುಮ್ಮನೆ ಕೂರುವವನು.
ಮೂವರೂ ಸೇರಿ ಒಬ್ಬ ವಿದ್ಯಾರ್ಥಿ.

ದೇಚಮ್ಮ ಮಿಸ್ ಅತಿಥಿ ಉಪನ್ಯಾಸಕಿ.
ಅತಿಥಿಯೆಂದರೆ, ಜುಲೈಯಿಂದ ಸಂಬಳವಿಲ್ಲ.
‘ಪ್ರೊಟೊಕಾಲ್ ಅಂದ್ರೆ ಏನು?’ ಕೇಳಿದರು.
ಪುಸ್ತಕದಲ್ಲಿರುವುದು ಇಂಗ್ಲಿಷು,
ಅವರು ಬಿಡಿಸಿ ಹೇಳುವುದು ಕನ್ನಡ,
ನನ್ನ ತಲೆಗಿಳಿಯುವಾಗ ಅದು
ಲೈನ್ ಮನೆಯ ತಮಿಳು.
‘ಮಾತಿಗೆ ಮೊದಲೇ ಮಾಡಿಕೊಂಡ ಒಪ್ಪಂದ ಮಿಸ್.
ಬಸ್ಸಿನಲ್ಲಿ ಕನ್ನಡ, ಮೀನಂಗಡಿಯಲ್ಲಿ ಮಲಯಾಳ,
ಕೀರ್ತನನ ಅಜ್ಜಿಯ ಹತ್ತಿರ ಅರೆಭಾಷೆ,
ತೋಟದ ರೈಟರ ಎದುರು ಮೌನ.’
ಎಲ್ಲರೂ ನಕ್ಕರು. ಮಿಸ್ ನಗಲಿಲ್ಲ.
ಬೋರ್ಡಿನ ಮೇಲೆ ಬರೆದರು,
ಕೊನೆಯದೊಂದನ್ನು ಬಿಟ್ಟು.

ಇನ್‌ಪುಟ್ ಸಾಧನಗಳ ಪಾಠದಲ್ಲಿ ಒಂದು ಸಾಲು:
ಬೆರಳಿನ ಗೆರೆ ಒಬ್ಬೊಬ್ಬರಿಗೆ ಒಂದೊಂದು,
ಬದುಕಿರುವವರೆಗೂ ಬದಲಾಗದು.
ಅದರ ಪಕ್ಕ ಪೆನ್ಸಿಲಿನಲ್ಲಿ
ನನ್ನದೊಂದು ಪ್ರಶ್ನೆಯ ಕೊಕ್ಕೆ.

ಅಮ್ಮನ ಹೆಬ್ಬೆರಳು ಸೊಸೈಟಿಯ ಯಂತ್ರಕ್ಕೆ ಹಿಡಿಯುವುದಿಲ್ಲ.
ಇಪ್ಪತ್ತೆರಡು ವರ್ಷ ಕಾಫಿ ಕೊಯ್ದ ಬೆರಳು,
ಮೆಣಸಿನ ಗೊನೆ ತಿಕ್ಕಿ ಕಾಳು ಬಿಡಿಸಿದ ಬೆರಳು.
ಗೆರೆಗಳೆಲ್ಲ ಒಂದೊಂದಾಗಿ ತೋಟಕ್ಕೇ ಸಂದಾಯವಾಗಿ
ಈಗ ಹೊಳೆಗಲ್ಲಿನಂಥ ನುಣುಪು.
ಸೆರಗಿಗೆ ಒರೆಸಿ ಇಟ್ಟಳು,
ತಲೆಗೂದಲಿಗೆ ಉಜ್ಜಿ ಎಣ್ಣೆ ಹತ್ತಿಸಿ ಇಟ್ಟಳು,
ಎಡಗೈಯದನ್ನೂ ಇಟ್ಟಳು.
ಯಂತ್ರ ಪ್ರತಿ ಸಲವೂ ಹೆಣ್ಣುದನಿಯಲ್ಲಿ
ಬಲು ಮರ್ಯಾದೆಯಿಂದ:
‘ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.’
ಪಳನಿಯಮ್ಮ ಪಳನಿಯಮ್ಮನಲ್ಲ, ಅಷ್ಟೇ ತೀರ್ಪು.

‘ಹಾಗಾದ್ರೆ ಓಟಿಪಿ’ ಎಂದರು ಅಂಗಡಿಯ ಚಿಟ್ಟಿಯಪ್ಪ.
ಓಟಿಪಿ ಬರಬೇಕಾದರೆ ಫೋನು
ಗುಡ್ಡದ ನೀರಿನ ಟ್ಯಾಂಕಿಗೆ ಹತ್ತಬೇಕು;
ಸಿಗ್ನಲಿಗೆ ಕಾಲೂರಲು ನಮ್ಮಲ್ಲಿ ಅದೊಂದೇ ಜಾಗ.
ಹತ್ತಿದೆ.
ನಾನು ಮೇಲೆ, ಸೊಸೈಟಿ ಕೆಳಗೆ,
ನಡುವೆ ಕಾಫಿ ಕಣದ ಕಟ್ಟೆಯ ಮೇಲೆ
ತಮ್ಮ ಸೆಲ್ವ, ಆರನೇ ಕ್ಲಾಸು,
ಎರಡೂ ಕೈ ಬಾಯಿಗೆ ಕೊಳವೆ ಮಾಡಿಕೊಂಡು.

ಬಂತು. ಕೂಗಿದೆ: ನಾಲ್ಕು!
ಸೆಲ್ವ ಕೆಳಗೆ ತಿರುಗಿ: ನಾಲ್ಕು!
ಸೊನ್ನೆ! ಸೊನ್ನೆ!
ಏಳು. ಅದಕ್ಕೆ ಎಲ್ಲರ ಮನೆಯಲ್ಲೂ
ಹೆಚ್ಚುಕಡಿಮೆ ಒಂದೇ ಹೆಸರು, ಚಿಂತೆಯಿಲ್ಲ.
ಎಂಟು! ಎಂದೆ.
ಉಸಿರು ತಿರುಗದ ಸೆಲ್ವ
ಶಾಲೆಯ ಕನ್ನಡ ಮರೆತು
ಹೊಟ್ಟೆಯಿಂದ ಕೂಗಿದ: ಎಟ್ಟು!
ಕೆಟ್ಟೆವು, ಅಕ್ಕಿ ಹೋಯಿತು ಅಂದುಕೊಂಡೆ.

ಆಮೇಲೆ ಅಮ್ಮ ಹೇಳಿದ್ದು:
ಚಿಟ್ಟಿಯಪ್ಪ ತಲೆ ಕೂಡ ಎತ್ತಲಿಲ್ಲವಂತೆ.
ಕೊಡವರ ಮನೆಯಲ್ಲೂ ಎಂಟು ‘ಎಟ್ಟ್’.
ಒತ್ತಿದರು. ಯಂತ್ರ ಚೀಟಿ ಉಗಿಯಿತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಬಂದಿತ್ತು:
ರಿಪೀಟರ್ ಎಂದರೇನು? ಎರಡು ಅಂಕ.
ದೂರ ನಡೆದು ಸೊರಗಿದ ಸಂಕೇತಕ್ಕೆ
ಮತ್ತೆ ಬಲ ತುಂಬಿ ಮುಂದಕ್ಕೆ ಕಳಿಸುವ ಸಾಧನ.
ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ಉದಾಹರಣೆ: ಸೆಲ್ವ, ಎಂದು ಬರೆದುಬಿಟ್ಟೆ.
ಮಿಸ್ ಒಂದೂವರೆ ಕೊಟ್ಟಿದ್ದಾರೆ.
ಸೆಲ್ವನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಣ್ಣಗೆ,
‘ಬೋರ್ಡ್ ಪರೀಕ್ಷೆಯಲ್ಲಿ ಬೇಡ.’

ಉತ್ತರಪತ್ರಿಕೆಗೆ ಮನೆಯವರ ಸಹಿ ಬೇಕು.
ರಾತ್ರಿ ಅಮ್ಮನ ಹೆಬ್ಬೆಟ್ಟಿಗೆ ಪೆನ್ನಿನ ಶಾಯಿ ಬಳಿದೆ.
ಕಾಗದದ ಮೇಲೆ ಬಿದ್ದದ್ದು
ಗೆರೆಯೇ ಇಲ್ಲದ ಒಂದು ನೀಲಿ,
ಜಜ್ಜಿದ ನೇರಳೆ ಹಣ್ಣಿನ ಹಾಗೆ.
ಬೆಳಿಗ್ಗೆ ಮಿಸ್ ಅದನ್ನೇ ಸ್ವಲ್ಪ ಹೊತ್ತು ನೋಡಿದರು.
ಯಾರದೆಂದು ಕೇಳಲಿಲ್ಲ.
ಶಾಯಿ ಒಣಗಿದೆಯೇ ಎಂದು ಮುಟ್ಟಿ ನೋಡಿ
ಫೈಲಿಗೆ ಸೇರಿಸಿದರು.

‘ಇ’ ಗುಂಡಿ ಇನ್ನೂ ಬಂದಿಲ್ಲ.