ಒಂದು ಧಾರಾವಾಹಿಗೆ ಹದಿನೆಂಟು ಪ್ಯಾಂಟು

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ.
ಏಳರ ಧಾರಾವಾಹಿಗೆ ಹದಿನೆಂಟು ಪ್ಯಾಂಟು,
ಏಳೂವರೆಯದಕ್ಕೆ ಹದಿನಾಲ್ಕು, ಅದರಲ್ಲಿ ಅಳು ಜಾಸ್ತಿ.
ಜಾಹೀರಾತು ಬಂದರೆ ಅವ್ವನ ಕತ್ತರಿ ಓಡುತ್ತಿತ್ತು:
ಜೇಬಿನ ಮೂಲೆ, ಜಿಪ್ಪಿನ ಬುಡ, ಬೆಲ್ಟಿನ ಕುಣಿಕೆ,
ಹೊಲಿದವರು ಬಿಟ್ಟ ದಾರದ ತುದಿಯೆಲ್ಲ
ಕಚ್ ಕಚ್ ಕಚ್. ಪ್ಯಾಂಟಿಗೆ ಅರ್ಧ ರೂಪಾಯಿ.

ಕೌಲ್ ಬಜಾರಿನ ಓಣಿಯಲ್ಲಿ ಸಂಜೆಯಾದರೆ
ಬಾಗಿಲು ಬಾಗಿಲಿಗೆ ಒಂದೊಂದು ಗುಡ್ಡೆ ಜೀನ್ಸು,
ಗೋಡೆ ಗೋಡೆಗೆ ಅದೇ ನೀಲಿ ಬೆಳಕು.
ಕರೆಂಟು ಹೋದರೆ ಗೋಡೆಯ ನೀಲಿ ಹೋಗುತ್ತಿತ್ತು,
ಅವ್ವನ ಬೆರಳಿನದು ಹೋಗುತ್ತಿರಲಿಲ್ಲ.
ಆ ಬೆರಳಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಪಕ್ಕದ ಹೊನ್ನೂರಬಿ ತನ್ನ ಗಂಟು ಹೊತ್ತು ತಂದು
ನಮ್ಮ ಹೊಸ್ತಿಲ ಆಚೆ ಕೂರುತ್ತಿದ್ದಳು.
ಒಳಗೆ ಬಾ ಅಂದರೆ "ಇಲ್ಲೇ ಗಾಳಿ ಐತಿ."
ಅಲ್ಲಿಂದ ಕಾಣುವುದು ಟೀವಿಯ ಬಲಗಡೆಯ ಅರ್ಧ;
ಎಡಕ್ಕೆ ನಿಂತವರೆಲ್ಲ ಅವಳಿಗೆ ಬರೀ ದನಿ.
"ಯಾರವ್ವ, ಹಾಲಿಗೆ ವಿಷ ಹಾಕಿದಾಕಿ?"
ಅಜ್ಜಿ ತೆಲುಗಿನಲ್ಲಿ ಬೈಯುವಳು,
ಹೊನ್ನೂರಬಿಗಲ್ಲ, ವಿಷ ಹಾಕಿದವಳಿಗೆ.

ಆ ಮನೆಯ ಹೆಂಗಸರು ರೇಷ್ಮೆ ಉಟ್ಟು ಮಲಗುತ್ತಿದ್ದರು,
ಓಲೆ ಜುಮಕಿ ಬಿಚ್ಚದೆ ನಿದ್ದೆ.
"ಕಿವಿ ಹರಿಯಂಗಿಲ್ಲೇನು ಅವ್ರಿಗೆ?" ಎಂದು ಅವ್ವ.
ಅಷ್ಟೊಂದು ಮೆಟ್ಟಿಲು,
ಯಾರೂ ಒರೆಸಿದ್ದನ್ನು ನಾವು ನೋಡಲಿಲ್ಲ.

ಯಾವ ದಿನ ಅಂತ ಗೊತ್ತಿಲ್ಲ,
ತಂಗಿ ಎರ್ರೆಮ್ಮ "ಯವ್ವಾ" ಬಿಟ್ಟು "ಅಮ್ಮಾ" ಅಂದಳು.
"ಉಣ್ಣಾಕ ಬಾರೇ" ಅಂದರೆ
"ಊಟಕ್ಕೆ ಬರ್ತಾ ಇದ್ದೀನಿ" ಎಂದು ಒಳಗಿನಿಂದ.
ನಾನೇನು ಕಡಿಮೆ?
ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಆ ಮನೆಯ ಹಿರಿಸೊಸೆಯ ದನಿ ತೆಗೆದು
ಸ್ಟೀಲಿನ ತಟ್ಟೆ ಗೆದ್ದು ತಂದೆ.
ಅವ್ವ ಓಣಿಗೆಲ್ಲ ತೋರಿಸಿದಳು.
ಹೆಂಗ ಮಾತಾಡಿದ್ಲು ನಿನ್ ಮಗಳು ಅಂದವರಿಗೆ
"ಟೀವ್ಯಾಗಿನಂಗ" ಅಂದಳು,
ಮುಖದ ತುಂಬ ಖುಷಿ.

ಆ ಮನೆಗೆ ಒಂದು ಸಂಜೆ ಹೊಸ ಕೆಲಸದಾಕೆ ಬಂದಳು.
ಬಾಯಿ ತೆರೆದಳು:
"ಯವ್ವಾ, ನಾ ಬಳ್ಳಾರಿ ಕಡೇಯಾಕಿ ಅದೀನ್ರಿ."
ಹೊನ್ನೂರಬಿ ಪ್ಯಾಂಟು ಕೈಯಲ್ಲೇ ಹಿಡಿದು
ಮೊದಲ ಸಲ ಹೊಸ್ತಿಲು ದಾಟಿದಳು.
ಡಬ್ಬಿಯೊಳಗೆ ನಮ್ಮ ಮಾತು!

ಕೆಲಸದಾಕೆ ಬಕೆಟ್ಟಿಗೆ ಎಡವಿ ಬಿದ್ದಳು.
ಹಿಂದಿನಿಂದ ಟೊಂಯ್ ಅಂತ ಸದ್ದು.
ಹಿರಿಸೊಸೆ ನಕ್ಕಳು, ಮಾವ ನಕ್ಕ,
ಎರ್ರೆಮ್ಮ ನಕ್ಕಳು, ನಾನು ಹೊಟ್ಟೆ ಹಿಡಿದು ನಕ್ಕೆ.
ಆಕೆ ಅಂದದ್ದನ್ನೇ ಅಂದು ತೋರಿಸಿ ಮತ್ತೆ ನಕ್ಕೆ.
ಅದಕ್ಕೆ ದನಿ ಬದಲಿಸುವ ಕಷ್ಟವೇ ಇರಲಿಲ್ಲ.

ಕತ್ತರಿ ನಿಂತಿತ್ತು.
ಜಾಹೀರಾತು ಬಂದರೂ ನಿಂತೇ ಇತ್ತು.
ಮದುವೆಗೆ ಮೊದಲು ಗಾಂಧಿನಗರದಲ್ಲಿ
ನಾಲ್ಕು ಮನೆ ಕಸ ಹೊಡೆದ ಗಾದಿಲಿಂಗಮ್ಮ, ನನ್ನವ್ವ,
ಪರದೆಯನ್ನೇ ನೋಡುತ್ತ ಅಂದಳು:
"ಆಕಿಗೆ ಕಸಬರಿಗಿ ಹಿಡ್ಯಾಕ ಬರಂಗಿಲ್ಲ.
ಮೂಲ್ಯಾಗಿಂದ ಹಿಡ್ಕಂಡು ಬರಬೇಕು;
ನಡುಮನಿ ಹೊಡದು ಮೂಲಿ ಹಂಗೇ ಬಿಟ್ಲು.
ನಮ್ಮ ಕಡೇಯಾಕಿ ಅಲ್ಲ ಬಿಡು ಆಕಿ."

"ಹೌದ್ ನೋಡು," ಅಂದಳು ಹೊನ್ನೂರಬಿ,
ಮತ್ತೆ ಹೊಸ್ತಿಲಾಚೆ ಹೋಗಲಿಲ್ಲ.
ಅವತ್ತು ಏಳರದಕ್ಕೆ ಬರೀ ಒಂಬತ್ತು.
ಮಾಲಕ ಲೆಕ್ಕ ಕೇಳಿದರೆ ಕರೆಂಟಿರಲಿಲ್ಲ ಅಂದೆವು.

ಈಗ ಆ ಟೀವಿ ಇಲ್ಲ.
ಎರ್ರೆಮ್ಮನ ಮಕ್ಕಳು ಒಬ್ಬೊಬ್ಬರು ಒಂದೊಂದು ಫೋನು ಹಿಡಿದು
ಒಬ್ಬೊಬ್ಬರೇ ನಗುತ್ತಾರೆ.
ನಾನು ಇದನ್ನು ಬರೆದದ್ದೂ ಆ ಮನೆಯ ಕನ್ನಡದಲ್ಲೇ ನೋಡಿ,
"ಇರಲಿಲ್ಲ", "ಹೋಗುತ್ತಿತ್ತು", "ಅಂದಳು".
ನಡುನಡುವೆ ಅವ್ವನ ಮಾತು ದಾರದ ತುದಿಯ ಹಾಗೆ
ಹೊರಗೆ ಇಣುಕುತ್ತದೆ.

ನಿನ್ನೆ ಓದಿ ಹೇಳಿದೆ.
ಪೂರಾ ಕೇಳಿದಳು, ಕಣ್ಣು ಮುಚ್ಚಿ.
"ಛಲೋ ಐತಿ. ಆದ್ರ ಹದಿನೆಂಟಲ್ಲವ್ವ,
ಏಳರದಕ್ಕ ಇಪ್ಪತ್ತು ಮಾಡ್ತಿದ್ನಿ ನಾ.
ಇಪ್ಪತ್ತಂತ ಬರಿ."