ಕೊಳವೆಯ ಬೆನ್ನಿಗೆ

ಪೊರೆ ತೆಗೆಸಿದ ಹದಿನೈದನೇ ದಿನ
ಮಾವ ಕೇಳಿದ್ದು ಎರಡೇ.
ಒಂದು, ಮೀನು ಸಾರು.
ಇನ್ನೊಂದು, ಕಬ್ಬನ್ ಪಾರ್ಕಿನ ಕೆಂಪು ಹಾಲು.

ಸಾರು ಶುಕ್ರವಾರವೇ ಆಯಿತು.
ಭಾನುವಾರ ಆರೂವರೆಯ ಪೂಜೆ ಮುಗಿಸಿ ಮೆಟ್ರೋ ಹತ್ತಿದೆವು.
ಇನ್ನಾಸಪ್ಪ ಮೇಸ್ತ್ರಿ, ಕಣ್ಣಿಗೆ ಕರೀ ಕನ್ನಡಕ,
ಮೈಗೆ ಇಸ್ತ್ರಿಯ ಬಿಳಿ ಅಂಗಿ,
ಅದರ ತೋಳಲ್ಲೂ ಹೋಗದೆ ಉಳಿದ ಒಂದು ಡಿಸ್ಟೆಂಪರ್ ಚುಕ್ಕಿ.

ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ.
ರಸ್ತೆಯ ನಡುವೆಯೇ ಮಕ್ಕಳ ಸ್ಕೇಟಿಂಗ್,
ನಾಯಿಗಳು ತಮ್ಮ ತಮ್ಮ ಮನುಷ್ಯರನ್ನು ಎಳೆದುಕೊಂಡು ಹೊರಟಿವೆ,
ಬಿದಿರ ಮೆಳೆಯಲ್ಲಿ ಯಾರೋ ಕೊರೆದ ಎರಡು ಹೆಸರು
ಬಿದಿರು ಒಣಗಿದ ಮೇಲೂ ಜೊತೆಗೇ ಇವೆ.
ಮಾವ ಮರ ನೋಡುವುದಿಲ್ಲ, ಹಸಿರು ನೋಡುತ್ತಾರೆ.
‘ಇದಕ್ಕೆ ನೀಲಿ ಜಾಸ್ತಿ ಬಿದ್ದಿದೆ’ ಎಂದು
ಇಡೀ ಮಳೆಮರದ ಮೇಲೆ ತಕರಾರು.

ತಿರುವಿನಲ್ಲಿ ಗುಲಾಬಿ ಸಾಲು, ಅದರಾಚೆ ಹಾಲು.
ನಿಂತುಬಿಟ್ಟರು.
ಡಾಕ್ಟರು ಬೇಡವೆಂದಿದ್ದರೂ ಕನ್ನಡಕ ತೆಗೆದರು.
‘ಯಾವ ನನ್ಮಗ ಬಳಿದಿದ್ದು ಇದನ್ನ?’

ಬೆಂಚಿನ ಮೇಲೆ ಪರೀಕ್ಷೆಗೆ ಓದುತ್ತಿದ್ದ ಹುಡುಗ ತಲೆಯೆತ್ತಿ,
ತನಗಲ್ಲವೆಂದು ಖಾತ್ರಿ ಮಾಡಿಕೊಂಡು
ಮತ್ತೆ ಪುಟಕ್ಕೆ ಇಳಿದ.

ಆಮೇಲೆ ನನಗೆ ಪಾಠ, ನಿಂತಲ್ಲೇ:
ಕೆಂಪು ಅಂದ್ರೆ ಹೀಗೆ ಕಿರುಚಬಾರದಮ್ಮ.
ಆಕ್ಸೈಡಿಗೆ ಒಂದು ಬೊಗಸೆ ಹಳದಿ ಮಣ್ಣು,
ರಾತ್ರಿಯೇ ನೆನೆಸಿಟ್ಟ ವಜ್ರದ ಅಂಟು,
ಮೊದಲು ಮೊಳದಷ್ಟು ಗೋಡೆ ಬಳಿದು
ಸಂಜೆ ಬಿಸಿಲು ಅದರ ಮೇಲೆ ಬೀಳೋವರೆಗೂ ಬೀಡಿ ಸೇದ್ತಾ ಕೂತಿರಬೇಕು.
ಆರು ಸಲ ಸಾರುವೆ ಕಟ್ಟಿದ್ದೀನಿ ಈ ಹಾಲಿಗೆ,
ಆರೂ ಸಲ ಒಂದೇ ಕೆಂಪು.
ಒಣಗಿದ ದಾಳಿಂಬೆ ಸಿಪ್ಪೆ ನೋಡಿದ್ದೀಯಲ್ಲ, ಅದು.

ಹಿಂಬದಿಗೆ ನಡೆದರು. ಚೀಲ ಹಿಡಿದು ನಾನೂ.
ಮಳೆನೀರಿನ ಕೊಳವೆ, ಅದರ ಬೆನ್ನಿಗೆ ಬ್ರಷ್ ಹೋಗದ ಸಂದು.
‘ಇಲ್ಲಿಗೆ ಹೊಸಬರು ಕೈ ಹಾಕಲ್ಲ,
ನಾನು ಬಟ್ಟೆ ಉಂಡೆ ಕಟ್ಟಿ, ಅದ್ದಿ, ತುರುಕ್ತಿದ್ದೆ.’
ತೋಳು ತೂರಿಸಿ ಉಗುರಿನಿಂದ ಕೆರೆದರು.
ಹಕ್ಕಳೆಯೊಂದು ಅಂಗೈಗೆ ಬಂತು.
ಗೋಡೆಗೆ ಹಿಡಿದರು.
ಗೋಡೆ, ಅಂಗೈ. ಅಂಗೈ, ಗೋಡೆ.
ಒಂದೇ.

ಮಾಲಿ ಪೈಪಿನ ನೀರನ್ನು ಒಂದು ಪಾತಿಯಿಂದ
ಇನ್ನೊಂದು ಪಾತಿಗೆ ತಿರುಗಿಸುವಷ್ಟು ಹೊತ್ತು.
‘ಇಷ್ಟು ಕೆಂಪಗೆ ಬಳಿದಿದ್ದೆನಾ ನಾನು?’

ಯಾವ ವರ್ಷದಿಂದ ಕಣ್ಣಿಗೆ ಸಂಜೆಯಾಗಿತ್ತೋ
ಯಾರಿಗೂ ಹೇಳಿರಲಿಲ್ಲ.
ಕಡೇ ಸಲ, ‘ಇನ್ನೊಂದು ಹಿಡಿ ಹಾಕ್ರೋ, ಪೇಲವ’ ಎಂದರಂತೆ.
‘ಜಾಸ್ತಿ ಆಯ್ತಪ್ಪಾ’ ಎಂದ ಮಗನ ಕಪಾಳಕ್ಕೆ
ಆಳುಗಳೆದುರೇ ಬಿಟ್ಟರಂತೆ.
ನಮ್ಮನೆಯವರು ಅಂದಿನಿಂದ ಬ್ರಷ್ ಮುಟ್ಟಿಲ್ಲ.
ಟೈಲ್ಸ್ ಹಾಕುತ್ತಾರೆ. ಬಣ್ಣ ಕಂಪನಿಯಲ್ಲೇ ಆಗಿ ಬರುತ್ತದೆ.

ಒಳಗೆ ಹೋಗೋಣವೇ ಎಂದೆ.
ಮೂವತ್ತು ವರ್ಷ ಹೊರಗೋಡೆಯಲ್ಲಿ ನೇತಾಡಿದ ಮನುಷ್ಯ
ಒಳಗೆ ಒಮ್ಮೆಯೂ ಕಾಲಿಟ್ಟವರಲ್ಲ.
ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು,
ಬೇಡ ತಾತ, ಇದು ಲೈಬ್ರರಿ, ಎಂದ ವಾಚ್‌ಮನ್.
ಪುಸ್ತಕಗಳು, ಪೇಪರು ಮಡಿಸುವ ಸದ್ದು, ಫ್ಯಾನು.
ಮಾವ ಕತ್ತೆತ್ತಿ ಚಾವಣಿ ನೋಡಿ
ಪಿಸುಗುಟ್ಟಿದರು: ‘ಬಿಳಿ ಪರವಾಗಿಲ್ಲ.’

ಹೊರಗೆ ಖಾರ ಸವರಿದ ಸೌತೆಕಾಯಿ ತಿಂದೆವು.
ಹಕ್ಕಳೆಯನ್ನು ಕಣ್ಣಿನ ಹನಿಯ ಡಬ್ಬಿಗೆ ಹಾಕಿ
ಜೇಬಿನ ಮೇಲಿಂದ ಎರಡು ಸಲ ಮುಟ್ಟಿಕೊಂಡರು.
‘ಚೌರಿ ಇವತ್ತು ಮನೇಲೇ ಇರ್ತಾನಾ?’
ಇರ್ತಾರೆ ಮಾವ, ಭಾನುವಾರ ಅಲ್ವಾ.
‘ಹಾಂ, ಭಾನುವಾರ’ ಎಂದರು,
ಕನ್ನಡಕ ಹಾಕಿಕೊಳ್ಳುತ್ತಾ.