ಸ್ಕ್ರೂಡ್ರೈವರ್ ಕಚ್ಚಿ ಕೇಳುವುದು

ಹೊಯ್ಗೆಬಜಾರಿನ ಗುಜರಿಯಲ್ಲಿ, ಹರಿದ ಬಲೆಗಳ ಅಡಿಯಲ್ಲಿ
ಮಗ್ಗುಲಾಗಿ ಬಿದ್ದಿತ್ತು ಎಪ್ಪತ್ತೆಂಟನೇ ಇಸವಿಯ ಯೆಜ್ಡಿ.
ಟ್ಯಾಂಕು ಅಲುಗಿಸಿದರೆ ಒಳಗೆ ತುಕ್ಕು ಜರಜರ.
ಮೂರು ಸಾವಿರ ನನ್ನದು, ಮೂರು ಸಾವಿರ ವಾಮನ ಕರ್ಕೇರನದು.
ಫೆರಿ ಹತ್ತಿಸಿ ಬೆಂಗ್ರೆಗೆ ದಾಟಿಸುವಾಗ
ಟಿಕೇಟಿನವನು ಕೇಳಿದ:
"ಇದರ ಬೊಜ್ಜ ಯಾವತ್ತು ಮಾರಾಯ್ರೆ, ಊಟಕ್ಕೆ ಬರ್ತೇನೆ."

ನಾನು ಸಬ್‌ರಿಜಿಸ್ಟ್ರಾರ್ ಕಚೇರಿಯವನು.
ಮೂಲಪ್ರತಿ ಕಾಣದೆ ಯಾವ ಕಾಗದಕ್ಕೂ ಮೊಹರು ಒತ್ತಿದವನಲ್ಲ.
ನನಗೆ ಎಲ್ಲವೂ ಕಾರ್ಖಾನೆ ಬಿಟ್ಟ ದಿನದ ಹಾಗೆಯೇ ಬೇಕು,
ಅದೇ ಕೆಂಪು, ಟ್ಯಾಂಕಿನ ಕೆನ್ನೆಗೆ ಅದೇ ಕ್ರೋಮು,
ಮೊಣಕಾಲು ತಾಗುವಲ್ಲಿ ಅದೇ ಗೀರುಗೀರಿನ ರಬ್ಬರು.
ಕೈಪಿಡಿಯ ಜೆರಾಕ್ಸು ಕಿಸೆಯಲ್ಲಿ ಮಡಚಿಟ್ಟು
ಭಾನುವಾರದ ಮೊದಲ ಫೆರಿ ಹಿಡಿಯುತ್ತಿದ್ದೆ.

ವಾಮನನಿಗೆ ಕೈಪಿಡಿ ಬೇಡ.
ಮೂವತ್ತೊಂದು ವರ್ಷ ಟ್ರಾಲ್ ಬೋಟಿನ ಇಂಜಿನ್ ಕೋಣೆಯಲ್ಲಿ
ಗುಡುಗಿನ ಪಕ್ಕ ಚಾಪೆ ಹಾಸಿ ಮಲಗಿದವನು.
ಎಡಗಿವಿ ಪೂರ್ತಿ ಹೋಗಿದೆ. ಬಲದ್ದು ಸ್ವಲ್ಪ ಉಂಟು,
ಸ್ಟೇಷನ್ ಸಿಗದ ರೇಡಿಯೋದಷ್ಟು.
ನಟ್ಟು ಬಿಡದಿದ್ದರೆ ಸಿಟ್ಟಾಗುವುದಿಲ್ಲ ಅವನು,
ಸೀಮೆಎಣ್ಣೆ ಹನಿಸಿ, ದೂರ ಹೋಗಿ ಬೀಡಿ ಸೇದಿ ಬರುತ್ತಾನೆ.
"ಅದಕ್ಕೂ ಯೋಚಿಸಲಿಕ್ಕೆ ಹೊತ್ತು ಬೇಕಲ್ಲ."

ಬೆಳಿಗ್ಗೆ ಉಜ್ಜಿದ ಕಬ್ಬಿಣಕ್ಕೆ
ಸಂಜೆಯೊಳಗೆ ಅಳಿವೆಯ ಗಾಳಿ ಮತ್ತೆ ಕೆಂಪು ಹಚ್ಚುತ್ತಿತ್ತು.
ಪಿಸ್ಟನ್ ರಿಂಗು ಮೈಸೂರಿನಿಂದ ಬರಲು ಎರಡು ತಿಂಗಳು.
ಅಷ್ಟರಲ್ಲಿ ಅವನು ನನ್ನನ್ನು ಕೇಳದೆ
ಬಲೆ ನೇಯುವ ನೂಲಿನಲ್ಲಿ ಸೀಟು ಹೊಲಿದ,
ಯಾವುದೋ ಬೋಟಿನ ಹಿತ್ತಾಳೆ ಬುಷ್ ಕಡೆದು
ಹ್ಯಾಂಡಲಿನ ಎರಡು ತುದಿಗೂ ತೊಡಿಸಿದ.
ಮೂಲದಲ್ಲಿ ಇಲ್ಲದ್ದು.
ಆದರೂ ಹೇಗೋ ನುಂಗಿಕೊಂಡೆ.

ಆಮೇಲೆ ಒಂದು ದಿನ:
"ಸೈಲೆನ್ಸರಿನ ಒಳಗಿನ ಕೊಳವೆ ತೆಗೆದುಬಿಡುವ."
ಸಾಧ್ಯವೇ ಇಲ್ಲ ಎಂದೆ.
ಪೊಲೀಸರು ಹಿಡಿಯುತ್ತಾರೆ ಎಂದೆ. ಗಿರಿಜಕ್ಕನ ಬಿಪಿ ಎಂದೆ.
ಮೀಸೆ ಮೂಡದ ಹುಡುಗರ ಚಾಳಿ, ನಮ್ಮ ಪ್ರಾಯಕ್ಕಾ? ಎಂದೆ.
ಕಿರುಚಿ ಹೇಳಬೇಕು ಅವನಿಗೆ. ಕಿರುಚುತ್ತ ಕಿರುಚುತ್ತ
ಸಿಟ್ಟು ಬಾರದವನಿಗೂ ಸಿಟ್ಟು ಬಂದುಬಿಡುತ್ತದೆ.
ಅವನು ಸುಮ್ಮನೆ ನನ್ನ ತುಟಿ ನೋಡುತ್ತಿದ್ದ.
ಎರಡು ಭಾನುವಾರ ನಾನು ಫೆರಿ ಹತ್ತಲಿಲ್ಲ.

ಮೂರನೆಯದಕ್ಕೆ ಹೋದರೆ ಇಂಜಿನ್ ಕೂತಿತ್ತು,
ಎಣ್ಣೆ ಬೆರೆಸಿದ ಪೆಟ್ರೋಲು ಟ್ಯಾಂಕಿನಲ್ಲಿತ್ತು.
ನಾನು ಹತ್ತು ಸಲ ಒದ್ದೆ. ಅವನು ಏಳು ಸಲ.
ಹದಿನೇಳನೆಯದಕ್ಕೆ ಹೊತ್ತಿಕೊಂಡಿತು,
ಟಪ್ ಟಪ್ ಟಪ್, ನೀಲಿ ಹೊಗೆಯನ್ನು ಗಾಳಿ ಹುಟ್ಟುವಲ್ಲೇ ಎತ್ತಿಕೊಂಡು ಹೋಯಿತು.
ವಾಮನ ಹದಿನೆಂಟನೆಯ ಒದೆತಕ್ಕೆ ಕಾಲೆತ್ತಿದ್ದ.
ನನ್ನ ಮುಖ ನೋಡಿ ಕೇಳಿದ:
"ಹೊತ್ತಿತಾ?"

ತಲೆಯಾಡಿಸಿದೆ.
ಉದ್ದದ ಸ್ಕ್ರೂಡ್ರೈವರ್ ತಂದ,
ತುದಿಯನ್ನು ಸಿಲಿಂಡರಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿದ.
ದವಡೆ ನಡುಗುತ್ತಿತ್ತು, ಮೂಗಿನ ತುದಿಯ ಬೆವರು ನಡುಗುತ್ತಿತ್ತು.
ಬೋಟಿನಲ್ಲಿ ಹೀಗೇ ಕೇಳಿಕೊಂಡಿದ್ದನಂತೆ, ಕೊನೆಯ ಎಂಟು ವರ್ಷ,
ತಾಂಡೇಲನಿಗೆ ಗೊತ್ತಾಗದ ಹಾಗೆ.
"ಪಾಯಿಂಟು ಒಂದು ಕೂದಲಿನಷ್ಟು ಮುಂದೆ ಉಂಟು," ಎಂದ.
ಇತ್ತು.
ಎರಡು ಕಿವಿ ಇದ್ದ ನನಗೆ ಕೇಳಿರಲಿಲ್ಲ.

ಆದರೆ ಸ್ಕ್ರೂಡ್ರೈವರ್ ಕಚ್ಚಿಕೊಂಡು
ಗಾಡಿ ಓಡಿಸಲಿಕ್ಕೆ ಆಗುತ್ತದಾ?

ನಾನೇ ಕೂತೆ ಸ್ಪ್ಯಾನರ್ ಹಿಡಿದು.
ಎಡದ ಕೊಳವೆ ಸಲೀಸಾಗಿ ಬಂತು,
ಬಲದ್ದಕ್ಕೆ ಸುತ್ತಿಗೆ ಬೇಕಾಯಿತು.
ಎರಡನ್ನೂ ಪೇಪರಿನಲ್ಲಿ ಸುತ್ತಿ, ಮೇಲೆ "ಅಸಲು" ಎಂದು ಬರೆದು
ಅವನ ಮಾಡಿನ ಸಂದಿಯಲ್ಲಿ ಸಿಕ್ಕಿಸಿದೆ. ಅಭ್ಯಾಸ.

ಅವನು ಮುಂದೆ, ನಾನು ಹಿಂದೆ.
ಗಿರಿಜಕ್ಕ ಎರಡು ಕೈಯಲ್ಲಿ ಕಿವಿ ಮುಚ್ಚಿ
ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವುದು ಬೇಡ.
ಒಣಹಾಕಿದ ಮೀನಿನ ಮೇಲಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.
ತಣ್ಣೀರುಬಾವಿಯ ಗಾಳಿಮರಗಳ ಹತ್ತಿರ
ಅವನ ಬೆನ್ನು ಅಲುಗಿತು. ಕೆಮ್ಮೋ ಎಂದುಕೊಂಡೆ.
ನಗುತ್ತಿದ್ದ.
"ಬಂತು!" ಎಂದು ಕೂಗಿದ, "ಮಾರಾಯ, ಬಂತು!"

ಸಂಜೆಯ ಫೆರಿಯಲ್ಲಿ ನನ್ನ ತಲೆಯೊಳಗೆ ಇನ್ನೂ ಗುಂಯ್ ಎನ್ನುತ್ತಿತ್ತು.
ಟಿಕೇಟಿನವನು ಏನೋ ಕೇಳಿದ.
ಎಂತ? ಎಂದೆ.
ಇನ್ನೊಮ್ಮೆ ಕೇಳಿದ.
ನಾನು ಅವನ ತುಟಿ ನೋಡಿದೆ.